ಪಡುವಣ ಸಾಲಿನ ಖಾಲಿ ಮನೆಗಳು

ಬೆಳಗಿನ ಮೂರೂಕಾಲು. ಮೇ ತಿಂಗಳಲ್ಲಿ ಉತ್ತರ ನಾರ್ವೆಯ ನಮ್ಮ ಕಡೆ ಅಷ್ಟೊತ್ತಿಗೆ ಚೆನ್ನಾಗಿಯೇ ಬೆಳಕಾಗಿರುತ್ತದೆ. ಯೊರುನ್ ಅಡುಗೆಮನೆಯ ಬಾಗಿಲನ್ನು ಗೇಣುದ್ದ ತೆರೆದು, ಮೂಗನ್ನಷ್ಟೇ ಹೊರಗೆ ಚಾಚಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಮೈಮೇಲೆ ಮೊಣಕೈಗೆ ಮೂರು ಸಲ ತೇಪೆ ಬಿದ್ದ ಬೂದು ಕೋಟು, ತಲೆಗೆ ಬಣ್ಣ ಹೋದ ವಸ್ತ್ರ. ಹೊಸಿಲು ದಾಟುವಾಗಲೇ ಬಾಯೊಳಗೆ ಒಂದು ರಾಗ ಶುರುವಾಗುತ್ತದೆ. ಪದವಿಲ್ಲ, ತಾಳವಿಲ್ಲ, ನಿಜ ಹೇಳಬೇಕೆಂದರೆ ಇಂಪೂ ಇಲ್ಲ. ಮೂವತ್ತೆಂಟು ವರ್ಷದಿಂದ ಅದೇ ರಾಗ. "ನಾನೇ ಕಣಮ್ಮ, ನಾನೇ. ಏಳ್ಬೇಡ, ಕೂತ್ಕೋ," ಎನ್ನುತ್ತಾ ಮೊದಲ ಕಲ್ಲುಗೂಡಿನ ಮುಂದೆ ಬಗ್ಗುತ್ತಾರೆ. ಒಳಗಿನ ಕಂದು ಹಕ್ಕಿ ಕಣ್ಣು ಮಿಟುಕಿಸುತ್ತದೆ, ಏಳುವುದಿಲ್ಲ.

ನಾನು ಇದನ್ನೆಲ್ಲ ನೋಡುತ್ತಿರುವುದು ಕಿಟಕಿಯ ಗಾಜಿನ ಹಿಂದೆ ನಿಂತು. ಹೊರಗೆ ಕಾಲಿಡಲು ನನಗೆ ಅಪ್ಪಣೆಯಿಲ್ಲ. ಪಕ್ಕದ ವೇಗಾ ದ್ವೀಪದಲ್ಲೇ ಹುಟ್ಟಿ ಬೆಳೆದಿದ್ದರೂ ಈ ಲಿಲ್ಲೊಯ ನಡುಗಡ್ಡೆಯ ಹಕ್ಕಿಗಳಿಗೆ ನಾನು ಪರಕೀಯಳೇ. "ಪತ್ರಿಕೆಯವಳಂತೆ! ಕೆಮ್ಮಿದ್ರೆ ಅದೇ ದೋಣೀಲಿ ವಾಪಸ್ ಕಳಿಸ್ತೀನಿ ನೋಡು," ಎಂದು ನಿನ್ನೆ ದೋಣಿ ಇಳಿಯುತ್ತಿದ್ದಂತೆಯೇ ಯೊರುನ್ ಗದರಿಸಿ, ಗಂಡ ಟೊರ್ಲೈಫ್ ಅವರ ಮೀನುವಾಸನೆಯ ಸ್ವೆಟರನ್ನು ನನ್ನ ತಲೆಯ ಮೇಲಿಂದ ತೂರಿಸಿದರು. ನನ್ನ ಹಳದಿ ಮಳೆಯಂಗಿ ಹಕ್ಕಿಗಳ ಕಣ್ಣಿಗೆ ಬೀಳದಂತೆ ಆಗಿನಿಂದ ಮಂಚದ ಕೆಳಗೆ ಬಿದ್ದಿದೆ.

ಅರವತ್ತೊಂದು ವರ್ಷದ ಯೊರುನ್ ಹಕ್ಕಿ ಕಾಯುವವರು. ಏಪ್ರಿಲ್ ಕೊನೆಗೆ ಕಡಲಿನಿಂದ ಜೋಡಿ ಜೋಡಿಯಾಗಿ ಬರುವ ಐಡರ್ ಬಾತುಗಳಿಗೆ ಕಲ್ಲು ಮತ್ತು ಹಳೆ ದೋಣಿಯ ಹಲಗೆಯಿಂದ ಮೊಣಕಾಲೆತ್ತರದ ಮನೆ ಕಟ್ಟಿಕೊಡುತ್ತಾರೆ, ಕಡಲಪಾಚಿ ಒಣಗಿಸಿ ಹಾಸುತ್ತಾರೆ, ನೀರುನಾಯಿ, ಕಾಗೆ, ಹದ್ದು ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. ಹೆಣ್ಣುಹಕ್ಕಿ ತನ್ನೆದೆಯ ತುಪ್ಪಳ ಕಿತ್ತು ಮೊಟ್ಟೆಗೆ ಹಾಸಿ ಇಪ್ಪತ್ತೈದು ದಿನ ಕಾವು ಕೂರುತ್ತದೆ. ಮರಿಗಳು ನೀರಿಗಿಳಿದ ಮೇಲೆ ಬಿಟ್ಟುಹೋದ ತುಪ್ಪಳ ಯೊರುನ್ ಪಾಲಿಗೆ. ಅರವತ್ತೈದು ಗೂಡಿನ ತುಪ್ಪಳ ಸೇರಿದರೆ ಒಂದು ಹೊದಿಕೆ. ತಂತಿ ಕಟ್ಟಿದ ಮರದ ಚೌಕಟ್ಟಿನ ಮೇಲೆ ಅದನ್ನು ಉಜ್ಜಿ ಉಜ್ಜಿ ಕಸ ತೆಗೆಯುವುದಕ್ಕೇ ಮೂರು ವಾರ ಹಿಡಿಯುತ್ತದೆ.

ಆ ಹೊದಿಕೆಗೆ ಐವತ್ತು ಸಾವಿರ ಕ್ರೋನರ್ ಬೆಲೆ. ದಂಪತಿ ಮಾತ್ರ ಹೊದೆಯುವುದು ಅಂಗಡಿಯಿಂದ ತಂದ ಮುನ್ನೂರು ಕ್ರೋನರ್‌ನ ಹೊದಿಕೆಯನ್ನು. ಬೇಸರವಾಗುವುದಿಲ್ಲವೇ ಎಂದು ಕೇಳಿದರೆ ಯೊರುನ್ ಕಳ್ಳನಗೆ ನಗುತ್ತಾರೆ. "ಮಾರೋಕೆ ಮುಂಚೆ ಒಂದು ದಿನ ನಾನೇ ಹೊದ್ದು ಮಲಗ್ತೀನಿ ಕಣೇ. ಚೆನ್ನಾಗಿದೆ ಅಂತ ಸುಮ್ಸುಮ್ನೆ ಹೇಳೋಕಾಗುತ್ತಾ? ಅದನ್ನ ಬರೀಬೇಡ ಮತ್ತೆ." ಬರೆದಿದ್ದೇನೆ, ಕ್ಷಮಿಸಲಿ.

ಕಾವಿನ ಕಾಲದಲ್ಲಿ ಈ ಮನೆಯಲ್ಲಿ ಮನುಷ್ಯರ ಮಾತು ನಡೆಯುವುದಿಲ್ಲ. ಸುತ್ತಿಗೆ ಮುಟ್ಟುವಂತಿಲ್ಲ. ಬಿಳಿ ಬಟ್ಟೆ ಒಗೆದು ಹೊರಗೆ ಹರವುವಂತಿಲ್ಲ. ರಾಷ್ಟ್ರೀಯ ದಿನವಾದ ಮೇ ಹದಿನೇಳಕ್ಕೆ ಇಡೀ ನಾರ್ವೆ ಬಾವುಟ ಹಾರಿಸಿದರೆ ಇವರ ಬಾವುಟ ಅಡುಗೆಮನೆಯ ಗೋಡೆಗೆ ಮೊಳೆ ಇಲ್ಲದೆ, ಅಂಟಿನಲ್ಲಿ ನಿಲ್ಲುತ್ತದೆ. ಟೊರ್ಲೈಫ್ ಸೀನು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಾರೆ. "ಈ ಮನೇಲಿ ಯಜಮಾನಿಯರು ಅರವತ್ತಾರು ಜನ, ಅದರ ಮೇಲೆ ಇವಳೊಬ್ಬಳು. ನನ್ನ ಸರದಿ ಬರೋದ್ರೊಳಗೆ ಬೇಸಿಗೆ ಮುಗಿದಿರುತ್ತೆ," ಎಂದು ಪಿಸುಗುಡುತ್ತಾ ಒಣಮೀನಿನ ಚೂರನ್ನು ನನ್ನ ತಟ್ಟೆಗೆ ಹಾಕುತ್ತಾರೆ.

ಅರವತ್ತಾರು. ಆ ಸಂಖ್ಯೆ ಹೇಳಿದ್ದೇ ತಡ, ಆಗತಾನೆ ಒಳಬಂದ ಯೊರುನ್ ಮುಖ ಗಂಟಿಕ್ಕಿತು. ಹೋದ ವರ್ಷದ ವಸಂತದಲ್ಲಿ ಇಲ್ಲಿ ನೂರಾ ಆರು ಹಕ್ಕಿಗಳಿದ್ದವು. ಮನೆಯ ಪಶ್ಚಿಮಕ್ಕೆ, ಕಡಲಿಗೆ ಮುಖ ಮಾಡಿರುವ ನಲವತ್ತು ಗೂಡುಗಳ ಸಾಲು ಈ ಸಲ ಪೂರ್ತಿ ಖಾಲಿ. ಬರುವ ಹಕ್ಕಿ ಮೇ ಹದಿನೈದರೊಳಗೆ ಬಂದುಬಿಡುತ್ತದೆ. ಇವತ್ತು ತಾರೀಕು ಹದಿನಾಲ್ಕು. ಹುಟ್ಟಿದ ಸಾಲಿಗೇ ಹೆಣ್ಣುಮರಿ ತಾಯಿಯಾಗಿ ಮರಳುವುದರಿಂದ, ಒಂದು ಸಾಲು ಒಮ್ಮೆ ಬರಿದಾದರೆ ಅಲ್ಲಿಗೆ ಮುಗಿಯಿತು. ಎದುರಿನ ಮೂರು ನಡುಗಡ್ಡೆಗಳು ಬರಿದಾಗಿದ್ದು ಹೀಗೆಯೇ, ಒಂದೊಂದು ಸಾಲಾಗಿ.

"ಯಾರೋ ಮಾಡಿದ್ದಲ್ಲ. ನಾನೇ ಮಾಡ್ಕೊಂಡಿದ್ದು," ಎನ್ನುತ್ತಾರೆ ಯೊರುನ್, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.

ಕತೆ ಸ್ಟೈನಾರ್‌ನಿಂದ ಶುರುವಾಗುತ್ತದೆ. ವೇಗಾದ ಶಾಲೆಯಲ್ಲಿ ಯೊರುನ್ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಬುತ್ತಿಯ ಬೆಣ್ಣೆಯನ್ನು ಮೊದಲು ನೆಕ್ಕಿ ಆಮೇಲೆ ರೊಟ್ಟಿ ತಿನ್ನುತ್ತಿದ್ದನೆಂದು ಬೆಣ್ಣೆ ಸ್ಟೈನಾರ್ ಎಂದೇ ಹೆಸರು. ಅವನ ಅಜ್ಜಿಯೂ ಹಕ್ಕಿ ಕಾಯುತ್ತಿದ್ದರು. ಆತ ಸಾಲ್ಮನ್ ಮೀನು ಸಾಕಣೆಗೆ ಇಳಿದು, ಒಂದು ಬಲೆ ಹತ್ತಾಗಿ, ಹತ್ತು ನೂರಾಗಿ, ಈಗ ಓಸ್ಲೋದಲ್ಲಿ ಎರಡು ಮನೆ, ಸ್ಪೇನಿನಲ್ಲೊಂದು ಮನೆ. ಮೂರು ಮನೆಯಲ್ಲೂ ನಿದ್ದೆ ಬರುವುದಿಲ್ಲವಂತೆ. ಅಜ್ಜಿಯ ಹೊದಿಕೆಯಲ್ಲಿ ಮಲಗಿದಾಗ ಬರುತ್ತಿತ್ತು ಎಂದು ನೆನಪಾಗಿ, ಹೋದ ವರ್ಷ ಯೊರುನ್ ಹತ್ತಿರ ಒಂದಲ್ಲ, ಎರಡು ಹೊದಿಕೆ ಹೇಳಿದ. ಮುಂಗಡ ಕೊಟ್ಟ. ಜೊತೆಗೆ, ಪಾಪ, ಪ್ರೀತಿಯಿಂದಲೇ ಒಂದು ನೀಲಿ ಜಾಕೆಟ್ ಕಳಿಸಿದ.

"ಒಂದು ಹೊದಿಕೆ ಆದ್ರೆ ಅರವತ್ತೈದು ಗೂಡು ಸಾಕು. ಎರಡು ಅಂದ್ರೆ ನೂರ ಮೂವತ್ತು ಬೇಕು. ಇದ್ದಿದ್ದು ನೂರಾ ಆರು. ಆ ವರ್ಷ ನಾನು ಹಕ್ಕಿ ನೋಡ್ತಿರಲಿಲ್ಲ ಕಣೇ, ಹೊದಿಕೆ ನೋಡ್ತಿದ್ದೆ. ಗೂಡಿನ ಮುಂದೆ ಬಗ್ಗಿದ್ರೆ ಇದರಲ್ಲಿ ಎಷ್ಟು ಗ್ರಾಮ್ ಇದ್ದೀತು ಅನ್ನೋದೇ ಯೋಚನೆ. ಕಚ್ಚಾಟ, ಸಿಡುಕು. ಇವರನ್ನ ಮಾತಾಡ್ಸಿ ಎಷ್ಟೋ ದಿನ ಆಗಿತ್ತು."

"ಹನ್ನೊಂದು ದಿನ," ಎಂದರು ಟೊರ್ಲೈಫ್. "ಅದರಲ್ಲೂ ಒಂದು ಸಲ ಮಾತಾಡಿದ್ದು, ಬೂಟು ಬಾಗಿಲಲ್ಲಿ ಬಿಡು ಅಂತ."

ಆ ಮೇ ಹನ್ನೊಂದರ ಬೆಳಗ್ಗೆ ಹಿಮ ಬೆರೆತ ಮಳೆ. ಬೂದು ಕೋಟು ನೆನೆದು ಒಲೆಯ ಪಕ್ಕ ತೂಗುತ್ತಿತ್ತು. ನೀಲಿ ಜಾಕೆಟ್ ಬಾಗಿಲ ಹಿಂದೆ ಬೆಚ್ಚಗಿತ್ತು. ಒಂದೇ ಒಂದು ಸುತ್ತು ತಾನೇ ಎಂದು ಯೊರುನ್ ಅದನ್ನು ಹಾಕಿಕೊಂಡು ಪಡುವಣ ಸಾಲಿಗೆ ಹೋದರು. ಹೆಜ್ಜೆಗೊಮ್ಮೆ ತೋಳು ಮೈಗೆ ಉಜ್ಜಿ ಸರ್ ಸರ್ ಸದ್ದು. ರಾಗ ಗುನುಗಿದರೂ ಪ್ರಯೋಜನವಾಗಲಿಲ್ಲ. ನಲವತ್ತು ಹಕ್ಕಿಗಳು ಒಟ್ಟಿಗೇ ಎದ್ದವು. ಬೆದರಿ ಏಳುವ ಐಡರ್ ಮೊಟ್ಟೆಯ ಮೇಲೆ ಹೊಲಸು ಸಿಡಿಸಿ ಹೋಗುತ್ತದೆ, ಆ ತುಪ್ಪಳ ಕೆಲಸಕ್ಕೆ ಬಾರದು. ಹಕ್ಕಿಗಳು ಮರಳುವ ಮೊದಲೇ ಕಡಲಕಾಗೆಗಳು ಬಂದಿಳಿದು ಮೊಟ್ಟೆ ಕುಕ್ಕಿದವು. "ನಾನು ಅಲ್ಲೇ ಮಂಡಿಯೂರಿ ಕೂತು ನಾನೇ ಕಣೇ, ನಾನೇ ಅಂತ ಅಳ್ತಿದ್ದೆ. ಅವುಕ್ಕೆ ಗುರುತೇ ಸಿಗ್ಲಿಲ್ಲ. ನನ್ನ ಮಗಳು ನನ್ನ ಗುರುತು ಹಿಡೀದಿದ್ರೂ ಅಷ್ಟು ಸಂಕಟ ಆಗ್ತಿರಲಿಲ್ಲವೇನೋ." ಎರಡನೆಯ ಹೊದಿಕೆಯ ಮುಂಗಡವನ್ನು ಅವರು ಮರುವಾರವೇ ಹಿಂದಿರುಗಿಸಿದರು.

ಇಷ್ಟಾದ ಮೇಲೂ ಸ್ಟೈನಾರ್ ಸುಮ್ಮನಿಲ್ಲ. ಈ ವರ್ಷದ ಹೊದಿಕೆಯೂ ತನಗೇ ಎಂದು ಹೇಳಿಟ್ಟಿದ್ದವನು ಈ ವಾರ ಹೊಸ ಬೇಡಿಕೆ ಇಟ್ಟಿದ್ದಾನೆ. ಭಾನುವಾರ ಬೆಳಗ್ಗೆ ಒಂದೇ ಒಂದು ಸಲ, ಬಾಲ್ಯದಲ್ಲಿ ಅಜ್ಜಿಯ ಹಿಂದೆ ನಡೆದಂತೆ ಗೂಡುಗಳ ನಡುವೆ ನಡೆಯಬೇಕಂತೆ. ಅದಕ್ಕೆ ಮೂರು ಲಕ್ಷ ಕ್ರೋನರ್. ಉತ್ತರ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬೇಕು.

ಮೂರು ಲಕ್ಷವೆಂದರೆ ಈ ಮನೆಗೆ ದೋಣಿಕಟ್ಟೆ. ಚಳಿಗಾಲದ ಬಿರುಗಾಳಿಗೆ ಇದ್ದ ಕಟ್ಟೆ ಕೊಚ್ಚಿಹೋಗಿದೆ. ದೋಣಿಯಿಂದ ಪಾಚಿಗಟ್ಟಿದ ಬಂಡೆಗೆ ಜಿಗಿಯಲು ಹೋಗಿ ಟೊರ್ಲೈಫ್ ಮೊಣಕಾಲು ಮುರಿದುಕೊಂಡಿದ್ದಾರೆ. ಇನ್ನೊಂದು ಬಾರಿ ಬಿದ್ದರೆ ನಡುಗಡ್ಡೆಗೆ ಬರುವುದೇ ನಿಲ್ಲುತ್ತದೆ. "ನಾನು ಹೂಂ ಅನ್ನು ಅಂತ ಹೇಳಲ್ಲ, ಬೇಡ ಅಂತಲೂ ಹೇಳಲ್ಲ," ಎಂದು ಹೇಳಿ ಅವರು ಮೊಣಕಾಲು ಸವರಿಕೊಂಡರು. ಸವರಿಕೊಂಡಿದ್ದು ಬೇಕೆಂದೇ ಇರಬಹುದು. ನಾನೂ ಕಿಟಕಿಯತ್ತ ತಿರುಗಿ ಲೆಕ್ಕ ಹಾಕಿದೆ. ಉಳಿದಿರುವ ಅರವತ್ತಾರೂ ಎದ್ದುಹೋದರೆ? ಅಥವಾ ಏಳದಿದ್ದರೆ, ಕಟ್ಟೆಯೂ ಆಗಿ, ಎಲ್ಲರೂ ಸುಖವಾಗಿದ್ದರೆ? ಅದೂ ಸಾಧ್ಯ ತಾನೇ?

ಯೊರುನ್ ಹತ್ತೂವರೆಯಿಂದ ಮೂರು ಸಲ ಒಲೆ ಒರೆಸಿದರು. "ಆಸೆ ಇಲ್ಲ ಅಂದ್ಕೋಬೇಡ. ಬೆಚ್ಚಗಿನ ನೆಲದ ಬಚ್ಚಲಮನೆ ನಂಗೂ ಬೇಕು. ವೇಗಾದಲ್ಲಿ ಎಲ್ಲರ ಮನೇಲೂ ಇದೆ. ಮೂರು ಲಕ್ಷ ಅಂದಾಗಿಂದ ಅದರ ಬಣ್ಣ ಕೂಡ ಆರಿಸಿಟ್ಟಿದೀನಿ," ಎಂದು ಸಿಟ್ಟಿನಿಂದ ಹೇಳಿದರು. ಸಿಟ್ಟು ಯಾರ ಮೇಲೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಫೋನು ಸದ್ದು ಮಾಡದಿರಲೆಂದು ಅದನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಡುತ್ತಾರೆ. ಸರಿಯಾಗಿ ಹನ್ನೆರಡಕ್ಕೆ ಡಬ್ಬ ಗುಂಯ್‌ಗುಟ್ಟಿತು. ಯೊರುನ್ ಹಿಟ್ಟು ಮೆತ್ತಿದ ಫೋನನ್ನು ಮೇಜಿನ ಮೇಲೆ ಎಲ್ಲರಿಗೂ ಕೇಳುವಂತೆ ಇಟ್ಟರು.

"ಏನಂತೀಯಾ ಯೊರುನ್?" ಸ್ಟೈನಾರ್ ದನಿ ದಣಿದಿತ್ತು. "ಮೋಟಾರ್ ದೋಣಿ ತರಲ್ಲ. ಹುಟ್ಟು ಹಾಕ್ಕೊಂಡೇ ಬರ್ತೀನಿ. ಅಜ್ಜಿಯ ಹಳೇ ಅಂಗಿ ಇದೆ, ಅದನ್ನೇ ಹಾಕ್ಕೋತೀನಿ."

"ಹೊಸಬರು ಬಂದ್ರೆ ಏನಾಗುತ್ತೆ ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ?"

"ಗೊತ್ತು. ಗೊತ್ತಿದ್ದೇ ಕೇಳ್ತಿದೀನಿ. ನಾಲ್ಕು ಲಕ್ಷ ಮಾಡು ಬೇಕಾದ್ರೆ."

ಟೊರ್ಲೈಫ್ ಕಣ್ಣು ಮುಚ್ಚಿಕೊಂಡರು. ಯೊರುನ್ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು.

"ಆಗಸ್ಟ್‌ನಲ್ಲಿ ಬಾ ಸ್ಟೈನಾರ್. ದುಡ್ಡು ತರಬೇಡ. ಕೂತು ತುಪ್ಪಳ ಕ್ಲೀನ್ ಮಾಡುವೆಯಂತೆ. ನಿಮ್ಮಜ್ಜಿ ಜೊತೆ ಮಾಡ್ತಿದ್ದೆಯಲ್ಲ."

"ಆಗಸ್ಟ್‌ನಲ್ಲಿ ಹಕ್ಕಿ ಇರಲ್ವಲ್ಲೇ."

"ಹಕ್ಕಿ ಇರಲ್ಲ. ಕೆಲಸ ಇರುತ್ತೆ. ರಾತ್ರಿ ನಿದ್ದೆ ಬರುತ್ತೆ."

"ಹಾಗಾದ್ರೆ ಈ ವರ್ಷದ ಹೊದಿಕೇನೂ ನೀನೇ ಇಟ್ಕೋ," ಎಂದು ಸ್ಟೈನಾರ್ ಫೋನ್ ಇಟ್ಟ. ಕಟ್ಟೆ ಹೋಯಿತು, ಬಚ್ಚಲಮನೆ ಹೋಯಿತು, ಖಾತ್ರಿಯಿದ್ದ ಒಬ್ಬ ಗಿರಾಕಿಯೂ ಹೋದ. ಯೊರುನ್ ಗಂಡನ ಕಡೆ ನೋಡಲಿಲ್ಲ. ಟೊರ್ಲೈಫ್ ಎದ್ದು ಕುಂಟುತ್ತಾ ಬಂದು, ಹೆಂಡತಿಯ ಕೆನ್ನೆಗೆ ಮೆತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು. "ಜಿಗಿಯೋದು ಕಲ್ತ್ಕೋತೀನಿ ಬಿಡು," ಎಂದರು.

"ಹೆದರಿಕೆ ಹೋಯ್ತಾ?" ಎಂದು ನಾನು ಕೇಳಿದೆ. ಪೆದ್ದ ಪ್ರಶ್ನೆ.

"ಎಲ್ಲಿ ಹೋಗುತ್ತೆ? ಹಾಗೇ ಇದೆ. ಹೋದ ವರ್ಷ ಅವನ ಹೊದಿಕೆಗೋಸ್ಕರ ಹೆದರ್ತಿದ್ದೆ. ಈ ವರ್ಷ ಹಕ್ಕಿಗೋಸ್ಕರ ಹೆದರ್ತಿದೀನಿ. ಈ ಹೆದರಿಕೆ ನಂಗೆ ಅಭ್ಯಾಸ ಇದೆ."

ಮೂರು ಗಂಟೆಗೆ ಕಡಲಿನ ಉಬ್ಬರ ಬಂತು. ನಾವು ಕಂದು ಚೀಸ್ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಾಗ ಯೊರುನ್ ಕೈ ನನ್ನ ತೋಳನ್ನು ಹಿಡಿಯಿತು. ಪಶ್ಚಿಮದ ಬಂಡೆಯ ಮೇಲೆ ಒಂದು ಜೋಡಿ. ಕಪ್ಪು ಬಿಳುಪಿನ ಗಂಡು ಹಿಂದೆ, ಕಂದು ಹೆಣ್ಣು ಮುಂದೆ. ಹೆಣ್ಣು ಮೊದಲ ಗೂಡಿಗೆ ತಲೆ ಹಾಕಿತು, ಹೊರಬಂತು. ಎರಡನೆಯದರೊಳಗೆ ಹೋಗಿ ಪಾಚಿ ಕೆದಕಿತು, ಅದೂ ಹಿಡಿಸಲಿಲ್ಲ. ಹಿಂದೆ ಒಲೆಯ ಮೇಲೆ ಕಾಫಿ ಉಕ್ಕಿ ಚುರುಗುಟ್ಟತೊಡಗಿತು. ಯಾರೂ ಏಳಲಿಲ್ಲ. ಸುಟ್ಟ ವಾಸನೆಯಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೂತೆವು. ಗಂಟಲಲ್ಲಿ ಕೆಮ್ಮು ಬಂದು ನಾನು ಸ್ವೆಟರಿನ ತೋಳನ್ನು ಬಾಯಿಗೆ ತುರುಕಿಕೊಂಡೆ.

ಹೆಣ್ಣು ಐದನೆಯ ಗೂಡಿನೊಳಗೆ ಹೋಯಿತು. ಒಂದು ನಿಮಿಷ. ಐದು ನಿಮಿಷ. ಗಂಡು ಹೊರಗೇ ಕೂತುಕೊಂಡಿತು. ಇಪ್ಪತ್ತು ನಿಮಿಷವಾದರೂ ಹೆಣ್ಣು ಹೊರಬರಲಿಲ್ಲ.

ನಾನು ಬಾಯಿ ತೆರೆದೆ. ಯೊರುನ್ ರೊಟ್ಟಿಯ ಕೈಯಿಂದಲೇ ಅದನ್ನು ಮುಚ್ಚಿದರು. ಅವರ ಕಣ್ಣು ತುಂಬಿತ್ತು.

"ಶ್! ನಾಳೆ ಬೆಳಗ್ಗೆ ಎದ್ದು ಹೋದ್ರೂ ಹೋದೀತು ಕಣೇ. ಆದ್ರೆ ಒಂದು ಬರ್ಕೋ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಅದನ್ನ ಯಾರೂ ದುಡ್ಡು ಕೊಟ್ಟು ಕರೆಸಿಲ್ಲ. ಅದಾಗೇ ಬಂತು, ನನ್ನ ಮನೆ ನೋಡಿ."