ವಿಮಾನದ ಹೊಟ್ಟೆಗೊಂದು ಜೋಳದ ಕಾಳು

ಕೊಂಕಲ್‌ನಿಂದ ಯಾದಗಿರಿಗೆ ಹೋಗುವ ಬೆಳಗಿನ ಬಸ್ಸಿಗೆ ಮೋನಮ್ಮ ಹತ್ತಿದಳೆಂದರೆ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲೇ ನಗಲು ಶುರುಮಾಡುತ್ತಿದ್ದ.

"ವಿಮಾನ ಎಲ್ಲೀತನಕ ಬಂತು ಯವ್ವಾ?"

"ಬಾಲದತನಕ ಬಂದೈತಿ. ಇನ್ನ ಎಂಟು ದಿನಕ್ಕ ಹಾರತೈತಿ, ನಿನ್ನ ಬಸ್ಸ ಯಾರ ಹತ್ತತಾರ ನೋಡೂಣು!"

ಅದು ಪೂರಾ ಸುಳ್ಳೂ ಅಲ್ಲ. ಐವತ್ತೆರಡು ವರ್ಷದ ಮೋನಮ್ಮ ನಿಜಕ್ಕೂ ಯುದ್ಧವಿಮಾನ ಹೊಲಿಯುತ್ತಿದ್ದಳು. ನಮ್ಮ ದೇಶವೂ ಇನ್ನೊಂದು ದೇಶವೂ ಕೂಡಿ ಮಾಡುವ ಆ ವಿಮಾನಗಳಲ್ಲಿ ಮೊದಲಿನ ನಾಲ್ಕು ಸಿದ್ಧವಾಗಿಯೇ ಬಂದಿದ್ದವು. ಆಮೇಲಿನವು ಬಿಡಿಬಿಡಿಯಾಗಿ ಬಂದು ಇಲ್ಲೇ ಜೋಡಣೆಯಾಗಬೇಕು, ಬರಬರುತ್ತ ಬಿಡಿಭಾಗಗಳನ್ನೂ ಇಲ್ಲಿಯವರೇ ಮಾಡಬೇಕು ಎಂದು ಕರಾರು. ಹಾಗೆ ಯಾದಗಿರಿಯ ಹೊರವಲಯದ ಒಂದು ತಗಡಿನ ಶೆಡ್ಡಿನ ಪಾಲಿಗೆ ಬಂದದ್ದು ತಂತಿಗಳ ಕೆಲಸ. ವಿಮಾನದ ಮೂತಿಯಿಂದ ಬಾಲದವರೆಗೆ ಓಡುವ ನೂರಾರು ತಂತಿಗಳನ್ನು ಒಟ್ಟುಮಾಡಿ, ಬೆರಳಗಲಕ್ಕೆ ಒಂದರಂತೆ ಮೇಣದ ದಾರದ ಗಂಟು ಹಾಕಿ ಕಟ್ಟುವುದು. ಶೆಡ್ಡಿನವರು ಅದನ್ನು ಜಡೆ ಎನ್ನುತ್ತಿದ್ದರು.

ಊರಲ್ಲಿ ಮೋನಮ್ಮ ಅದನ್ನು ಇನ್ನೂ ಸಲೀಸಾಗಿ ತಿಳಿಸಿ ಹೇಳಿದ್ದಳು. "ಅದೂ ಒಂದು ಕೌದಿನೇ ತಗೋರಿ. ರೆಕ್ಕಿ ಒಂದೂರಿಂದ, ಮೂತಿ ಒಂದೂರಿಂದ. ಚೂರು ಕೂಡಿಸಿ ಹೊಲದ್ರ ವಿಮಾನ!"

ಕೌದಿಯ ಮಾತು ಸುಮ್ಮನೆ ಬಂದದ್ದಲ್ಲ. ಹಳೇ ಸೀರೆ, ಧೋತರದ ತುಂಡುಗಳನ್ನು ಪದರ ಮಾಡಿ ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತೂರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಶೆಡ್ಡಿನ ಮೇಲ್ವಿಚಾರಕಿ, ಸುರಪುರದ ಸುಮಂಗಲಾ, ಅಕ್ಕನ ಕೂಸಿಗೆ ಕೌದಿ ಹೊಲಿಸಲೆಂದು ಬಂದವಳು ಅವಳ ಹೊಲಿಗೆ ನೋಡಿ ಅಲ್ಲೇ ಕುಳಿತುಬಿಟ್ಟಳು. ಶೆಡ್ಡಿನಲ್ಲಿ ಓದಿದ ಹುಡುಗರು ಅಳತೆಪಟ್ಟಿ ಹಿಡಿದು ಹಾಕಿದ ಗಂಟು ಒಂದು ಸಡಿಲ, ಒಂದು ಬಿಗಿ. ಇಲ್ಲಿ ಈ ಹೆಂಗಸು ಅತ್ತ ಸೊಸೆಯನ್ನು ಬೈಯುತ್ತ, ಇತ್ತ ಕೋಳಿ ಓಡಿಸುತ್ತ ಒಂದೇ ಸಮ ಹೊಲಿಗೆ ಹಾಕುತ್ತಿದ್ದಾಳೆ.

"ವಿಮಾನ ಕಟ್ಟಾಕ ಬರ್ತೀರೇನ್ರಿ?" ಎಂದಳು ಸುಮಂಗಲಾ.

"ಮಧ್ಯಾಹ್ನ ಉಣ್ಣಾಕ ಬಿಡ್ತಾರೇನು?" ಎಂದು ಮೋನಮ್ಮ ಕೇಳಿದಳು. ಅವಳ ಷರತ್ತು ಅಷ್ಟೇ.

ಮೊದಲ ದಿನವೇ ಸುಮಂಗಲಾ ಒಂದು ಪಾಠ ಹೇಳಿದಳು. "ಹೊರಗಿನ ವಸ್ತು ಒಂದೂ ಜಡಿಯೊಳಗ ಹೋಗಬಾರ್ದ್ರಿ." ಮೋನಮ್ಮ ಚಾಚೂ ತಪ್ಪದೆ ನಡೆದಳು. ಹಸಿರು ಬಳೆ, ಪಿನ್ನು, ಕೊನೆಗೆ ಅರ್ಧ ತಾಸು ಜಗಳವಾಡಿ ಮೂಗುಬೊಟ್ಟನ್ನೂ ಬಾಗಿಲ ಹೊರಗಿನ ಡಬ್ಬಿಯಲ್ಲಿಟ್ಟಳು. ಬಿಳಿ ಕೋಟು, ಬಿಳಿ ಟೊಪ್ಪಿಗೆ ಹಾಕಿಕೊಂಡಾಗ ಕನ್ನಡಿಯಲ್ಲಿ ತನ್ನನ್ನು ನೋಡಿ ತಾನೇ ಕೈಮುಗಿದಳು.

ಮೂರು ವಾರದಲ್ಲಿ ಮೊದಲ ಜಡೆ ಮುಗಿಯಿತು. ಅದನ್ನು ತಪಾಸಿಸಲು ಆ ಇನ್ನೊಂದು ದೇಶದ ಸಾಹೇಬ ಬರುವವನಿದ್ದ. ಪಾಸಾದರೆ ಉಳಿದೆಲ್ಲ ವಿಮಾನಗಳ ಜಡೆ ಇಲ್ಲೇ, ಕೊಂಕಲ್‌ನ ಇನ್ನೂ ಹತ್ತು ಹೆಂಗಸರಿಗೆ ಕೆಲಸ. ಫೇಲಾದರೆ ಕೆಲಸ ಬೇರೆ ಊರಿಗೆ, ಮೋನಮ್ಮ ಮತ್ತೆ ಮನೆಗೆ. ಪಕ್ಕದ ಮನೆಯ ಗುಲಫಶಾ ಆಗಲೇ ಡ್ಯೂಟಿಗೆಂದು ಎರಡು ಹೊಸ ಕುಪ್ಪಸ ಹೊಲಿಸಿಕೊಂಡಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ.

ಸಾಹೇಬ ಬಂದ. ಆರಡಿ ಎತ್ತರ, ಬಿಸಿಲಿಗೆ ಟೊಮ್ಯಾಟೊ ಹಣ್ಣಾಗಿದ್ದ. ಮೋನಮ್ಮ ಸುಮಂಗಲಾಳ ಕಿವಿಯಲ್ಲಿ, "ಹೊರಗಿನ ವಸ್ತು ಒಳಗ ಬಿಡಬಾರ್ದು ಅಂದಿದ್ದಿ, ಈತನ್ನ ಹೆಂಗ ಬಿಟ್ಟಿ?" ಎಂದಳು. ಸುಮಂಗಲಾಳಿಗೆ ನಗು ತಡೆಯಲು ಕೆಮ್ಮಬೇಕಾಯಿತು.

ಅವನು ಭೂತಗನ್ನಡಿ ಹಿಡಿದು ಎರಡು ತಾಸು ಗಂಟು ಗಂಟೂ ನೋಡಿದ. ಎಳೆದ, ಅಳೆದ, ಕೊನೆಗೆ ಕಾಗದದ ಮೇಲೆ ಠಸ್ಸೆ ಒತ್ತಿದ. ಪಾಸ್! ಶೆಡ್ಡಿನ ಮಾಲೀಕ ಅಂಬರೀಶ ಪೇಡೆಯ ಡಬ್ಬಿ ಹಿಡಿದು ಬಾಗಿಲಾಚೆ ಕುಣಿಯುವುದೊಂದು ಬಾಕಿ. ಸಾಹೇಬ ನಗುತ್ತ ಕೇಳಿದ, ಇಷ್ಟು ಸಮ ಗಂಟು ಈಕೆ ಹೇಗೆ ಹಾಕುತ್ತಾಳೆ?

ಕೇಳಿದ್ದೇ ತಡ, ಮೋನಮ್ಮ ಉಬ್ಬಿಹೋದಳು. ತಾಯಿ ಕಲಿಸಿದ್ದು, ಬೆರಳ ಗೆಣ್ಣಿನ ಅಳತೆ, ದಾರ ಎಳೆಯುವಾಗ ಉಸಿರು ಹಿಡಿದು ಬಿಡುವುದು, ಎಲ್ಲ ಹೇಳಿದಳು. ಸುಮಂಗಲಾ ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಹಿಂದೆಯೇ ಓಡಿದಳು.

"ಕಡೀಗೆ ಅದರ ಹೊಟ್ಟಿ ತುಂಬಸ್ತೀವ್ರಿ," ಎಂದಳು ಮೋನಮ್ಮ. "ಕೌದಿ ಹಸದಿರಬಾರ್ದು. ರೊಟ್ಟಿ ಚೂರರ ಇಡಬೇಕು, ಕಾಳರ ಇಡಬೇಕು. ಈ ಜಡಿಗೂ ಬಾಲದ ಕಡಿ ಒಂದು ಜ್ವಾಳದ ಕಾಳು ಇಟ್ಟೀನಿ!"

ಸುಮಂಗಲಾಳ ಇಂಗ್ಲಿಷು ಅರ್ಧಕ್ಕೇ ನಿಂತಿತು.

"ಹೊರಗಿನ ವಸ್ತು ಬ್ಯಾಡ ಅಂದಿದ್ನಲ್ರೀ!"

"ಹೊರಗಿಂದೆಲ್ಲೈತಿ? ನಮ್ಮ ಮನಿ ಜ್ವಾಳ ಅದು. ಸೆರಗಿನ ಗಂಟಿನ್ಯಾಗ ಕಟಗೊಂಡ ಬಂದೀನಿ."

ಅಂಬರೀಶನ ಕೈಯ ಡಬ್ಬಿ ಒಂದು ಕಡೆಗೆ ವಾಲಿತು. "ಸ್ಟ್ಯಾಂಪ್ ಬಿದ್ದೈತಿ," ಎಂದು ಅವನು ಬಾಗಿಲಿಂದಲೇ ಕನ್ನಡದಲ್ಲಿ ಪಿಸುಗುಟ್ಟಿದ. "ಹೊಲಿಗಿ ಬಗ್ಗೆ ಹೇಳಾಕತ್ತಾಳ ಅಂತ ಅಂದು ಮುಗಿಸು, ಸುಮಂಗಲಾ."

"ಒಂದು ಕಾಳು ಏನ ಮಾಡತೈತಿ?" ಎಂದಳು ಮೋನಮ್ಮ. ಅವಳ ದನಿ ಆಗಲೇ ಇಳಿದಿತ್ತು.

"ವಿಮಾನ ತಲಿಕೆಳಗಾಗಿ ಹಾರತೈತ್ರಿ. ಕಾಳು ಜಾರಿ ಎಲ್ಲೆರ ಸಿಕ್ಕೊಂಡ್ರ, ತಂತಿ ತಪ್ಪಿದ್ರ..." ಸುಮಂಗಲಾ ತಡೆದು ಹೇಳಿದಳು, "ಅದರಾಗ ಒಬ್ಬಾಂವ ಕುಂತಿರ್ತಾನ್ರಿ."

ಮೋನಮ್ಮನಿಗೆ ಇಷ್ಟು ದಿನ ರೆಕ್ಕೆ ಕಂಡಿತ್ತು, ಬಾಲ ಕಂಡಿತ್ತು. ಒಳಗೆ ಕುಳಿತವನು ಕಂಡಿರಲಿಲ್ಲ. ಹತ್ತು ಹೆಂಗಸರ ಕೆಲಸ, ಗುಲಫಶಾಳ ಕುಪ್ಪಸ, ಕಂಡಕ್ಟರನ ಮುಂದೆ ಕೊಚ್ಚಿದ್ದು, ಎಲ್ಲ ಒಟ್ಟಿಗೆ ನೆನಪಾದವು. ಅವಳು ಕತ್ತರಿ ತೆಗೆದುಕೊಂಡು ಬಾಲದ ಕಡೆಯ ಗಂಟುಗಳನ್ನು ಕಚಕಚ ಕತ್ತರಿಸತೊಡಗಿದಳು. ಅಂಬರೀಶ "ಅಯ್ಯಯ್ಯೋ" ಎಂದ. ನಲವತ್ತೊಂದನೇ ಗಂಟು ಬಿಚ್ಚಿದಾಗ ಮೇಜಿನ ಬಿಳಿ ಬಟ್ಟೆಯ ಮೇಲೆ ಟಪ್ ಎಂದು ಒಂದು ಕಾಳು ಬಿತ್ತು.

"ಈಗ ಹೇಳು ಅವಗ," ಎಂದಳು ಮೋನಮ್ಮ. "ಪೂರಾ ಹೇಳು."

ಸುಮಂಗಲಾ ಹೇಳಿದಳು. ಸಾಹೇಬ ಕಾಳನ್ನು ಅಂಗೈಯಲ್ಲಿಟ್ಟು ಭೂತಗನ್ನಡಿಯಿಂದ ನೋಡಿ ಜೇಬಿಗಿಳಿಸಿದ, ಠಸ್ಸೆಯ ಕಾಗದವನ್ನು ಹರಿದುಹಾಕಿದ. ಆಮೇಲೆ ಗಡಿಯಾರ ನೋಡಿ ಒಂದು ಮಾತು ಹೇಳಿದ: ನನ್ನ ರೈಲಿಗೆ ಇನ್ನು ಒಂದು ತಾಸಿದೆ.

ಮೋನಮ್ಮ ಕುಳಿತಳು. ಜನ್ಮದಲ್ಲಿ ಮೊದಲ ಬಾರಿಗೆ ಬಾಯಿ ಬಿಡದೆ ಕೆಲಸ ಮಾಡಿದಳು. ಹುಡುಗರಿಗೆ ಅರ್ಧ ದಿನ ಹಿಡಿಯುವ ನಲವತ್ತೊಂದು ಗಂಟು ನಲವತ್ತು ನಿಮಿಷದಲ್ಲಿ ಬಿದ್ದವು. ಸಾಹೇಬ ಒಂದೊಂದನ್ನೂ ಎಳೆದು ನೋಡಿದ, ಹೊಸ ಕಾಗದ ಕೇಳಿದ, ಮತ್ತೆ ಠಸ್ಸೆ ಒತ್ತಿದ. ತಪ್ಪನ್ನು ತಾನೇ ಬಿಚ್ಚಿ ತೋರಿಸುವ ಕೈ ಬೇಕು ನಮಗೆ, ಇಂಥವರನ್ನೇ ಹತ್ತು ಜನ ಕರೆತನ್ನಿ ಎಂದ. ಅಂಬರೀಶ ಆ ಸಂಭ್ರಮದಲ್ಲಿ ಸಾಹೇಬನನ್ನು ಬಾಗಿಲಿಗೆ ಎಳೆದು ಅವನ ಬಾಯಿಗೆ ಒಟ್ಟಿಗೇ ಎರಡು ಪೇಡೆ ತುರುಕಿದ. ಹುಡುಗರು ಶಿಳ್ಳೆ ಹೊಡೆದರು.

ಆದರೆ ಮೋನಮ್ಮ ಇನ್ನೂ ಜಡೆಯನ್ನೇ ನೋಡುತ್ತಿದ್ದಳು. ಪಾಪ, ಅದು ಹಸಿದು ಹೋಗಬೇಕು. ಅವಳಿಂದ ತಡೆಯಲಾಗಲಿಲ್ಲ.

"ಸುಮಂಗಲಾ, ಒಂದು ಮಾತು ಕೇಳು ಅವಗ. ಒಳಗ ಕುಂದ್ರಾಂವ ಉಂಡು ಹತ್ತತಾನಿಲ್ಲೋ?"

ಪೇಡೆ ನುಂಗಿಕೊಳ್ಳುತ್ತ, ಜೇಬಿನ ಕಾಳನ್ನು ಅಂಗೈಯಲ್ಲಿ ಹಿಡಿದು ಸಾಹೇಬ ಉತ್ತರ ಕೊಟ್ಟ. ಅದು ಕಾಯ್ದೆಯೇ ಅಂತೆ, ಉಣ್ಣದವನನ್ನು ಹತ್ತಿಸುವುದೇ ಇಲ್ಲವಂತೆ.

ಮೋನಮ್ಮನ ಮುಖ ಅರಳಿತು. "ಮತ್ತಿನ್ನೇನು, ಹೊಟ್ಟಿ ತುಂಬಿದಂಗ ಆತು," ಎಂದು ಸಾಹೇಬನ ಅಂಗೈಯಿಂದ ತನ್ನ ಕಾಳನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು.