ತಡಿ ಎನ್ನುತ್ತಿದ್ದ ಕಂಪ್ಯೂಟರ್

ಹೆಂಗಸರು ಸೀರೆ ಆರಿಸುವುದಕ್ಕಿಂತ ಬಿಲ್ಲು ಬರುವುದೇ ತಡವಾಗುವ ಅಂಗಡಿಯನ್ನು ಎಲ್ಲಾದರೂ ಕಂಡಿದ್ದೀರಾ? ಗಜೇಂದ್ರಗಡದಲ್ಲಿ ಒಂದಿತ್ತು. ನಮ್ಮದೇ!

ಲಗ್ನದ ಸೀಜನ್ ಬೇರೆ. ಬಟನ್ ಒತ್ತಿದರೆ ಮೂರೂ ಕೌಂಟರಿನ ಪರದೆಗಳ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು. ಜಕ್ಕಲಿಯಿಂದ ಬಂದಿದ್ದ ಹಿರಿಯರೊಬ್ಬರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಏನವ್ವಾ, ಸೀರಿ ಈಗ ನೇಯಾಕ ಹಾಕೀರೇನ?" ಎಲ್ಲರೂ ನಕ್ಕರು. ನಾನೂ ನಕ್ಕೆ (ಮತ್ತೇನು ಮಾಡುವುದು?).

ಅಣ್ಣ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುವವರು ನಾನು ಮತ್ತು ವೈನಿ, ಅಂದರೆ ಅವನ ಹೆಂಡತಿ. ಬಿಲ್ಲಿಗೆ ಕಾದು ಕೂತವರೆಲ್ಲ ಕೊನೆಗೆ ಅವನ ಮಾತಿಗೇ ಬರುತ್ತಿದ್ದರು. "ಅಣ್ಣಾರ ಇದ್ದಾಗ ಹಿಂಗಿರಲಿಲ್ರಿ" ಎಂದು ಒಬ್ಬರು ಶುರು ಮಾಡಿದರೆ ಸಾಕು. ದಪ್ಪ ಮೀಸೆಯ ಅಣ್ಣ ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ಕನ್ನಡಿ ಮುಂದೆ ನಡೆದು ತೋರಿಸುತ್ತಿದ್ದದ್ದು, ಮದುಮಗಳನ್ನು ನಗಿಸುತ್ತಿದ್ದದ್ದು, ಎಲ್ಲ ಹೊರಬರುತ್ತಿತ್ತು. ವೈನಿ ಸೀರೆ ಮಡಚುತ್ತ ಕೇಳುತ್ತಿದ್ದಳು.

ಆದರೆ ನೆನಪಿನಿಂದ ಹೊಟ್ಟೆ ತುಂಬುತ್ತದೆಯೇ? ಕೆಲವರು ಸೀರೆ ಬಿಟ್ಟೇ ಎದ್ದು ಹೋಗತೊಡಗಿದರು. ನರಗುಂದದ ಮಹಾಂತೇಶನಿಗೆ ಫೋನ್ ಮಾಡಿದೆ. ನೆಟ್‌ವರ್ಕ್ ಕೆಲಸ ಮಾಡುವ ಹುಡುಗ.

ಬಂದವನೇ ಕೇಬಲ್ ಬದಲಿಸಿದ. ರೂಟರ್ ಆಫ್ ಮಾಡಿ ಆನ್ ಮಾಡಿದ. ಇಂಟರ್‌ನೆಟ್‌ನವರಿಗೆ ಫೋನ್ ಹಚ್ಚಿ ಬೈದ. ಆಮೇಲೆ ಅವನಿಗೇ ಹೊಳೆಯಿತು, ನಮ್ಮ ಬಿಲ್ಲು ಊರು ದಾಟುವುದೇ ಇಲ್ಲ, ಒಳಗಿನ ಕೋಣೆಯ ಸರ್ವರ್‌ಗೆ ಹೋಗಿ ಬರುತ್ತದೆ! ಕೊನೆಗೆ ಎಲ್ಲ ವೈರುಗಳೂ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ ಒಂದೊಂದೇ ವೈರಿನಲ್ಲಿ ಎಷ್ಟು ಸಂದೇಶ ಬರುತ್ತಿವೆ ಎಂಬ ಲೆಕ್ಕ ನೋಡಿದ. ಒಂದರ ಅಂಕಿ ಮಾತ್ರ ನಿಲ್ಲದೆ ಏರುತ್ತಿತ್ತು.

"ಅಕ್ಕಾರ, ಈ ವೈರ್ ಎಲ್ಲಿಗೆ ಹೋಗೈತ್ರಿ?"

ಹೋಗಿದ್ದು ಮೂಲೆಯ ಅಣ್ಣನ ಟೇಬಲ್ಲಿಗೆ. ಅವನು ಹೋದಾಗಿನಿಂದ ಅವನ ಕಂಪ್ಯೂಟರನ್ನು ನಾವು ಆರಿಸಿರಲಿಲ್ಲ. ವೈನಿ ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ ಹಚ್ಚಿ ಒಂದು ಸೇವಂತಿಗೆ ಇಡುತ್ತಿದ್ದಳು. ಮೌಸ್ ಮುಟ್ಟಿದವರಿಲ್ಲ. ಪರದೆ ಬೆಳಗುತ್ತಿದೆ, ಸಾಕು ಎಂದುಕೊಂಡಿದ್ದೆವು. ಅದು ಯಾವಾಗಲೋ ಹ್ಯಾಂಗ್ ಆಗಿ ಕಲ್ಲಾಗಿತ್ತು.

ಫ್ಲೋ ಕಂಟ್ರೋಲ್ ಅಂತ ಒಂದು ಪದ್ಧತಿಯಂತೆ. ಬಂದ ಮಾಹಿತಿ ತನಗೆ ಹೆಚ್ಚಾದರೆ ಕಂಪ್ಯೂಟರ್ ಸ್ವಿಚ್‌ಗೆ "ತಡಿ" ಎಂದು ಹೇಳಿ ಕಳಿಸುತ್ತದೆ. ಸ್ವಿಚ್ ಕ್ಷಣ ಕಾಯುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ಕೆಟ್ಟು ನಿಂತ ಯಂತ್ರ ಉಸಿರು ಬಿಡದೆ ತಡಿ, ತಡಿ ಎನ್ನುತ್ತಿದ್ದರೆ?

"ಪಂಕ್ತಿ ಊಟದಾಗ ಒಬ್ಬಾವ ಎಲಿ ಮ್ಯಾಲೆ ಕೈ ಅಡ್ಡ ಹಿಡದು ತಡೀರಿ ತಡೀರಿ ಅಂತ ಕುಂತ್ರ ಬಡಸಾವ ಅಲ್ಲೇ ನಿಂತಬಿಡ್ತಾನ್ರಿ. ಮುಂದಿನವರ ಎಲಿ ಎಲ್ಲಾ ಖಾಲಿ!" ಎಂದ ಮಹಾಂತೇಶ.

ವೈನಿ ಎದ್ದು ಬಂದಳು. "ಅದನ್ನ ಬಂದ್ ಮಾಡಬ್ಯಾಡ್ರಿ."

"ಬ್ಯಾಡ ಬಿಡ್ರಿ ಅಕ್ಕಾರ. ಆ ವೈರಿನ ಮಟ್ಟಿಗೆ ಫ್ಲೋ ಕಂಟ್ರೋಲ್ ತಗದಬಿಡ್ತೀನಿ. ಅದು ಎಷ್ಟ ತಡಿ ಅಂದ್ರೂ ಸ್ವಿಚ್ ಕಿವಿಗೆ ಹಾಕ್ಕೊಳ್ಳಂಗಿಲ್ಲ."

ವೈನಿ ಬೆಳಿಗ್ಗೆ ಇಟ್ಟ ಸೇವಂತಿಗೆಯನ್ನು ಸರಿಪಡಿಸುತ್ತ ಕೇಳಿದಳು, "ಅಂದ್ರ ಅವರ ಕಂಪ್ಯೂಟರ್ ತಡೀರಿ ಅಂತನ ಇರತೈತಿ, ಯಾರೂ ಕೇಳಂಗಿಲ್ಲ?"

"ಹೌದ್ರಿ."

"ಹಂಗಾದ್ರ ಬ್ಯಾಡ. ಶಾಂತ ಮಾಡ್ರಿ."

ನಮ್ಮಲ್ಲಿ ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಕಂಪ್ಯೂಟರಿಗೆ ಆ ಮಾತು ಆಡಿದ್ದನ್ನು ಅವತ್ತೇ ಕೇಳಿದ್ದು. ಮಹಾಂತೇಶ ಕೈಮುಗಿದು ಬಟನ್ ಒತ್ತಿದ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ನಾನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅಣ್ಣ ಇನ್ನೊಮ್ಮೆ ಹೋದ ಹಾಗಾಯಿತು.

ಈಗ ಬಿಲ್ಲು ಟಕ್ ಅಂತ ಬರುತ್ತದೆ. ಜಕ್ಕಲಿಯ ಹಿರಿಯರು ಮತ್ತೆ ಬಂದಿದ್ದರು. "ಭಾಳ ಲಗೂ ಆತಲ್ಲವಾ!" ಎಂದು ಮೆಚ್ಚಿ, ನಿಂತ ಕಾಲಲ್ಲೇ ಚೀಲ ಹಿಡಿದು ಬಸ್ಸಿಗೆ ನಡೆದರು. ಹೊಳೆಆಲೂರಿನ ಬೀಗರು ರೈಲಿಗೆ ಹೊತ್ತಾಯಿತೆಂದು ಚಹಾ ಕೂಡ ಬೇಡವೆಂದರು. ವ್ಯಾಪಾರ ಚೆನ್ನಾಗಿದೆ. ಕುರ್ಚಿಗಳೆಲ್ಲ ಖಾಲಿ.

ನಿನ್ನೆ ಸಂಜೆ ವೈನಿ ಸೀರೆ ಮಡಚುತ್ತ ಮೆಲ್ಲಗೆ ಅಂದಳು, "ಶೋಭಾ, ಇಡೀ ದಿನ ಅವರ ಹೆಸರ ಯಾರೂ ತಗೀಲಿಲ್ಲ ನೋಡ."

ಈ ಕಂಪ್ಲೇಂಟನ್ನು ಯಾವ ಎಂಜಿನಿಯರ್‌ಗೆ ಫೋನ್ ಮಾಡಿ ಹೇಳಲಿ?