ಗಂಟಲಿಗೆ ಒಂದು ವಾರ ರಜೆ

ಗೆಳೆಯರೇ, ಒಂದು ವಾರ ಯಾರೂ ಫೋನ್ ಮಾಡಬೇಡಿ. ಮಾಡುವವರು ಯಾರೂ ಇಲ್ಲ, ಆದರೂ ಹೇಳಿಬಿಡುತ್ತೇನೆ.

ಮೂರು ವಾರದಿಂದ ದನಿ ಒಡೆದಿತ್ತು. ಇವತ್ತು ಬೆಳಿಗ್ಗೆ ಕೇರಳದ ಮಾನಂತವಾಡಿಯಲ್ಲಿ ತೋರಿಸಿದೆ. ಡಾಕ್ಟರಮ್ಮ ಮಲಯಾಳಿಯಾದರೂ ಮೈಸೂರಿನಲ್ಲಿ ಓದಿದವರು, ಕನ್ನಡ ಬಲ್ಲರು. ಗಂಟಲೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ ಗದರಿದರು: "ಹೀಗೆ ಊದಿದೆಯಲ್ಲ ಚೇಟ್ಟಾ! ದಿನಾ ಯಾರ ಜೊತೆ ಇಷ್ಟು ಮಾತಾಡ್ತೀರಿ?"

"ಮಾತೆಲ್ಲಿ ಬಂತು ಡಾಕ್ಟ್ರೇ? ಬಾಳೆತೋಟಕ್ಕೆ ಕೋತಿ ಬರ್ತವೆ. ಬೆಳಗಿಂದ ಸಂಜೆಗಂಟ ಕೂಗಿ ಓಡಿಸ್ತೀನಿ."

"ಒಂದು ವಾರ ಕೂಗಬೇಡಿ, ಪಿಸುಗುಟ್ಟಲೂ ಬೇಡಿ. ನೀರು ಚೆನ್ನಾಗಿ ಕುಡೀರಿ, ಹಬೆ ತಗೊಳ್ಳಿ. ಆಮೇಲೂ ಸರಿಹೋಗದಿದ್ರೆ ಮತ್ತೆ ಬನ್ನಿ. ಮನೆಯವರಿಗೂ ಹೇಳಿಬಿಡಿ, ಮಾತಾಡಿಸಬಾರದು ಅಂತ."

ತಲೆಯಾಡಿಸಿದೆ. ಗುಂಡ್ಲುಪೇಟೆ ಬಿಟ್ಟು ಇಲ್ಲೇ ಹತ್ತಿರದ ತೃಶ್ಶಿಲೇರಿಯಲ್ಲಿ ಗುತ್ತಿಗೆಗೆ ಬಾಳೆ ಹಾಕಿ ಎರಡು ವರ್ಷ. ಮನೆಯಲ್ಲಿ ಯಾರಿಗೆ ಹೇಳಲಿ?

ಬಸ್ಸಿನಲ್ಲಿ ಬಂದೆ, ಅಂಗಡಿಯಲ್ಲಿ ಬೆಲ್ಲ ಕೊಂಡೆ. ಎಲ್ಲೂ ಬಾಯಿ ಬಿಡಲಿಲ್ಲ, ಯಾರೂ ಯಾಕೆಂದು ಕೇಳಲಿಲ್ಲ. ಸಂಜೆ ತೋಟದಲ್ಲಿ ಸುಮ್ಮನೆ ಕೂತಿದ್ದೆ. ಕೋತಿಗಳು ಬಂದು ಬೇಲಿಯ ಮೇಲೆ ಸಾಲಾಗಿ ಕೂತು, ನನ್ನ ಕೂಗಿಗಾಗಿ ಬಹಳ ಹೊತ್ತು ಕಾದವು. ದೊಡ್ಡದೊಂದು ಹತ್ತಿರ ಬಂದು ಮುಖವನ್ನೇ ನೋಡಿತು.

ಇವತ್ತು ನನ್ನ ದನಿ ಇಲ್ಲದ್ದನ್ನು ಗಮನಿಸಿದ್ದು ಅವು ಮಾತ್ರ. ಆಮೇಲೆ ಒಂದು ಗೊನೆ ಮುಗಿಸಿದವು. ತಿನ್ನಲಿ, ವಿಚಾರಿಸಿಕೊಳ್ಳಲು ಬಂದ ನೆಂಟರಲ್ಲವೇ.